ಬಡಿಸುವ ಕೈ

ಸಂಸಾರದಲ್ಲಿ ಆಡಬೇಕಾದ ಮಾತುಗಳು ಎರಡು ಬಗೆ. ಸುಲಭವಾಗಿ ಆಡಬಹುದಾದವು ಒಂದು ಬಗೆ. ಆಡಿದರೂ ತಪ್ಪು, ಆಡದಿದ್ದರೂ ತಪ್ಪು ಎನ್ನುವಂಥವು ಇನ್ನೊಂದು ಬಗೆ. ಹಾಲಿನವನ ಲೆಕ್ಕ, ಸೋರುವ ಮಾಡು, ಬರಲಿರುವ ನೆಂಟರು, ಇವೆಲ್ಲ ಮೊದಲನೆಯ ಬಗೆಗೆ ಸೇರಿದವು. ಗಂಡನು ಹೆಂಡತಿಗಾಗಲಿ, ಹೆಂಡತಿಯು ಗಂಡನಿಗಾಗಲಿ "ನಿಮ್ಮ ಮೈ ಬಹಳ ಬೆಳೆದಿದೆ, ಇಳಿಸಿಕೊಳ್ಳಬೇಕು" ಎಂದು ಹೇಳುವ ಮಾತು ಎರಡನೆಯ ಬಗೆಗೆ ಸೇರಿದ್ದು. ಈ ಮಾತನ್ನು ನಾವು ನಮ್ಮ ಯಜಮಾನರಿಗೆ ಹೇಳಲಾರದೆ ಎರಡು ವರ್ಷ ನುಂಗಿಕೊಂಡೆವು. ಆಮೇಲೆ ಒಂದು ವರ್ಷ ಹೇಳಬಾರದ ರೀತಿಯಲ್ಲಿ ಹೇಳಿದೆವು. ಎರಡರಿಂದಲೂ ಕೆಡುಕೇ ಆಯಿತು. ಕೊನೆಗೆ ದಾರಿ ಹೇಗೆ ಕಂಡಿತೆಂಬುದನ್ನು, ಇದೇ ಚಿಂತೆಯಲ್ಲಿರುವ ಸೋದರಿಯರಿಗೂ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮದುವೆಯ ಕಾಲದಲ್ಲಿ ನಮ್ಮ ಯಜಮಾನರು ಬೆತ್ತದಂತೆ ಇದ್ದರು. ಮನೆ ತುಂಬಿಸಿಕೊಂಡ ದಿನವೇ ನಮ್ಮ ಅತ್ತೆಯವರು, "ಇನ್ನು ಇವನ ಮೈ ಕೈ ತುಂಬಿಸುವ ಭಾರ ನಿನ್ನದಮ್ಮ" ಎಂದು ಅಪ್ಪಣೆ ಕೊಡಿಸಿದರು. ನಮ್ಮ ಕಡೆ "ಮೈ ತುಂಬಿಕೊಂಡಿದ್ದಾರೆ" ಎಂಬುದು ಹೊಗಳಿಕೆ. "ಸೊರಗಿದ್ದಾರೆ" ಎಂಬುದು ನಿಂದೆ. ಆ ನಿಂದೆಯಾದರೂ ಸೊರಗಿದವರಿಗೆ ತಗಲುವುದಿಲ್ಲ, ಬಡಿಸಿದವರಿಗೆ ತಗಲುತ್ತದೆ. ನಾವು ಆ ನಿಂದೆಗೆ ಅವಕಾಶ ಕೊಡಲಿಲ್ಲ. ಮೊದಲ ಐದು ವರ್ಷದಲ್ಲಿ ಅವರ ಕೆನ್ನೆ ತುಂಬಿತು. ಹತ್ತು ವರ್ಷಕ್ಕೆ ಅಂಗಿಗಳನ್ನು ಬಿಚ್ಚಿ ಹೊಲಿಸಬೇಕಾಯಿತು. ಇಪ್ಪತ್ತು ವರ್ಷಕ್ಕೆ ಹೊಟ್ಟೆ ಮುಂದಾಗಿ ಅವರು ಹಿಂದಾಗಿ ನಡೆಯತೊಡಗಿದರು. ಯಾರಾದರೂ ಹಾಸ್ಯ ಮಾಡಿದರೆ, "ವಿಘ್ನೇಶ್ವರನಿಗೇ ಇಲ್ಲದ ಲಜ್ಜೆ ನನಗೇಕಯ್ಯ?" ಎಂದು ಹೊಟ್ಟೆ ಸವರಿಕೊಂಡು ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಸುಖವಾಗಿರುವ ಮನೆಯ ಯಜಮಾನರು ಹೀಗೆಯೇ ಇರುವುದು ಸಹಜವೆಂದು ತಿಳಿದಿದ್ದೆವು.

ನಮಗೆ ಮೊದಲು ಭಯ ಹುಟ್ಟಿದ್ದು ಕಣ್ಣಿಗೆ ಕಂಡದ್ದರಿಂದಲ್ಲ, ಕಿವಿಗೆ ಕೇಳಿದ್ದರಿಂದ. ಯಜಮಾನರು ಗೊರಕೆ ಹೊಡೆಯುವುದು ಹೊಸ ಸಂಗತಿಯಲ್ಲ. ಆ ಸದ್ದಿಗೆ ನಮ್ಮ ಕಿವಿ ಒಗ್ಗಿಹೋಗಿತ್ತು. ಆದರೆ ಅವರಿಗೆ ಐವತ್ತೈದು ತುಂಬುವ ಹೊತ್ತಿಗೆ ಆ ಗೊರಕೆ ನಡುನಡುವೆ ನಿಲ್ಲಲು ತೊಡಗಿತು. ಗೊರಕೆ ನಿಂತರೆ ಪಕ್ಕದವರಿಗೆ ನಿದ್ರೆ ಬರಬೇಕು. ನಮಗೆ ಇದ್ದ ನಿದ್ರೆಯೂ ಹಾರಿಹೋಗುತ್ತಿತ್ತು. ಏಕೆಂದರೆ ಗೊರಕೆಯೊಡನೆ ಉಸಿರೂ ನಿಲ್ಲುತ್ತಿತ್ತು. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆವು. ಎಣಿಕೆ ಹತ್ತಕ್ಕೆ ಹೋಗುತ್ತಿತ್ತು, ಹದಿನೈದಕ್ಕೆ ಹೋಗುತ್ತಿತ್ತು, ಒಮ್ಮೊಮ್ಮೆ ಇಪ್ಪತ್ತನ್ನೂ ದಾಟುತ್ತಿತ್ತು. ಆಮೇಲೆ ನೀರಿನಲ್ಲಿ ಮುಳುಗಿದವರು ತಲೆಯೆತ್ತಿದಂತೆ ಒಮ್ಮೆ ದೊಡ್ಡದಾಗಿ ಉಸಿರೆಳೆದುಕೊಂಡು ಮತ್ತೆ ಗೊರಕೆ ಆರಂಭಿಸುತ್ತಿದ್ದರು. ಬೆಳಿಗ್ಗೆ ಅವರಿಗೆ ಏನೂ ನೆನಪಿರುತ್ತಿರಲಿಲ್ಲ. "ರಾತ್ರಿಯೆಲ್ಲ ನಿದ್ರೆ ಮಾಡಿದರೂ ಆಯಾಸವೇ ಹೋಗಿಲ್ಲವಲ್ಲ" ಎಂದು ಪತ್ರಿಕೆ ಓದುತ್ತಲೇ ತೂಕಡಿಸುತ್ತಿದ್ದರು. ನಾವಾದರೋ ಆ ಎಣಿಕೆಯನ್ನು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದರೆ ಅವರು ನೊಂದುಕೊಂಡಾರೆಂಬುದು ಒಂದು ಕಾರಣ. ಬಾಯಿಂದ ಆಡಿದರೆ ಅಮಂಗಳ ನಿಜವಾದೀತೆಂಬ ಹೆಣ್ಣುಮಕ್ಕಳ ಅಂಜಿಕೆ ಇನ್ನೊಂದು ಕಾರಣ.

ಕೊನೆಗೆ ನಮ್ಮ ಮಗಳು ಬಾಣಂತನಕ್ಕೆ ಬಂದಿದ್ದಾಗ ಒಂದು ರಾತ್ರಿ ಅದನ್ನು ಕೇಳಿ ಗಾಬರಿಗೊಂಡು, ಮಾರನೆಯ ದಿನವೇ ತಂದೆಯನ್ನು ವೈದ್ಯರಲ್ಲಿಗೆ ಹೊರಡಿಸಿದಳು. ತೂಕ ನೋಡಿದರು, 94 ಕಿಲೋ. ಎತ್ತರ ಐದಡಿ ಆರಂಗುಲ. ರಕ್ತದ ಒತ್ತಡ ಹೆಚ್ಚಾಗಿತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುವ ಪರೀಕ್ಷೆಯಲ್ಲಿ 6.2 ಎಂದು ಬಂತು. ಎಂದರೆ ಸಿಹಿಮೂತ್ರ ರೋಗ ಇನ್ನೂ ಒಳಗೆ ಬಂದಿಲ್ಲ, ಹೊಸಿಲ ಮೇಲೆ ಕಾಲಿಟ್ಟುಕೊಂಡು ನಿಂತಿದೆ. ಒಂದು ರಾತ್ರಿ ಮೈಗೆ ತಂತಿಗಳನ್ನು ಅಂಟಿಸಿ ಮಲಗಿಸಿ ನಿದ್ರೆಯ ಪರೀಕ್ಷೆಯನ್ನೂ ಮಾಡಿದರು. ಕುತ್ತಿಗೆಯ ಸುತ್ತ ಕೊಬ್ಬು ಸೇರಿ ಉಸಿರಿನ ದಾರಿ ಕಿರಿದಾಗಿದೆ, ನಿದ್ರೆಯಲ್ಲಿ ಸ್ನಾಯುಗಳು ಸಡಿಲವಾದಾಗ ಆ ದಾರಿ ಮುಚ್ಚಿಕೊಳ್ಳುತ್ತದೆ, ಆಗ ರಕ್ತದಲ್ಲಿ ಪ್ರಾಣವಾಯು ಕಡಿಮೆಯಾಗಿ ಹೃದಯಕ್ಕೆ ಪೆಟ್ಟು ಬೀಳುತ್ತದೆ ಎಂದು ವಿವರಿಸಿದರು. ರಾತ್ರಿ ಮೂಗಿಗೆ ಕಟ್ಟಿಕೊಂಡು ಮಲಗಲು ಗಾಳಿಯೂಡುವ ಯಂತ್ರವೊಂದನ್ನು ಬರೆದುಕೊಟ್ಟು, "ಇದು ಊರುಗೋಲು. ನಿಜವಾದ ಮದ್ದು ತೂಕ ಇಳಿಸುವುದು" ಎಂದರು.

ಈ ತೂಕದ ಅಳತೆಯ ವಿಷಯವಾಗಿ ಒಂದೆರಡು ಮಾತು ಹೇಳುವುದು ಅವಶ್ಯ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕವನ್ನು ವೈದ್ಯರು ನೋಡುತ್ತಾರೆ. ಬೆಲ್ಜಿಯಂ ದೇಶದ ಕೆಟ್ಲೆ ಎಂಬ ಗಣಿತಜ್ಞರು 1832ರ ಸುಮಾರಿಗೆ ಕಂಡುಕೊಂಡ ಲೆಕ್ಕ ಅದು. ಪಾಶ್ಚಾತ್ಯರಿಗೆ 25ರ ವರೆಗೆ ಅಡ್ಡಿಯಿಲ್ಲವೆಂದು ಎಣಿಸಿದ್ದರೆ, ನಮ್ಮ ದೇಶದ ವೈದ್ಯರು 2009ರಲ್ಲಿ ಒಮ್ಮತಕ್ಕೆ ಬಂದು, ನಮ್ಮವರಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಸ್ಥೂಲತೆ ಎಂದು ಗೊತ್ತುಮಾಡಿದರು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆಂದರು. ಕಾರಣವೇನೆಂದರೆ, ಅದೇ ಎತ್ತರ ಅದೇ ತೂಕದ ಪಾಶ್ಚಾತ್ಯರಿಗಿಂತ ನಮ್ಮವರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು. 2004ರಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕರೂ ಇಂಗ್ಲೆಂಡಿನ ಡಾಕ್ಟರ್ ಯುಡ್ಕಿನ್ನರೂ ತಮ್ಮನ್ನೇ ಅಳೆದುಕೊಂಡು ಇದನ್ನು ತೋರಿಸಿಕೊಟ್ಟರು. ಇಬ್ಬರ ಅಂಕವೂ 22.3. ಆದರೆ ಇಂಗ್ಲೆಂಡಿನವರ ಮೈಯಲ್ಲಿ ನೂರಕ್ಕೆ 9.1 ಪಾಲು ಕೊಬ್ಬಿದ್ದರೆ, ನಮ್ಮವರ ಮೈಯಲ್ಲಿ 21.2 ಪಾಲು ಇತ್ತು. ನಮ್ಮ ಯಜಮಾನರ ಅಂಕ 33ನ್ನೂ ದಾಟಿತ್ತು. ಸೊಂಟ 112 ಸೆಂಟಿಮೀಟರ್. ವಿಘ್ನೇಶ್ವರನ ಹೆಸರು ಹೇಳಿ ನಕ್ಕು ಬಿಡುವಂಥ ಸಂಗತಿಯಾಗಿರಲಿಲ್ಲ ಅದು.

ವೈದ್ಯರ ಬಾಯಿಂದ ಮಾತು ಹೊರಬಿದ್ದ ಮೇಲೆ ನಮ್ಮ ಬಾಯಿಗೆ ಕಡಿವಾಣವೇ ಇಲ್ಲದಂತಾಯಿತು. ಎರಡು ವರ್ಷದ ಭಯವೆಲ್ಲ ಕೋಪದ ವೇಷ ಹಾಕಿಕೊಂಡು ಬಂತು. ಅವರ ಎಲೆಗೆ ಬೇಯಿಸಿದ ತರಕಾರಿ ಬಡಿಸಿ, ನಮ್ಮ ಎಲೆಗೆ ತುಪ್ಪ ಹಾಕಿಕೊಂಡು ಎದುರಿಗೇ ಕೂತು ಊಟ ಮಾಡುತ್ತಿದ್ದೆವು. ತಿಂಡಿಯ ಡಬ್ಬಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆವು. ನೆರೆಮನೆಯವರು ತೆಳ್ಳಗಿರುವುದನ್ನು ದಿನಕ್ಕೆರಡು ಬಾರಿ ಎತ್ತಿ ಆಡಿದೆವು. ಯಾರೋ ಹೇಳಿದರೆಂದು ಜೀರಿಗೆಯ ಕಷಾಯ, ಇನ್ನಾರೋ ಹೇಳಿದರೆಂದು ಸೋರೆಕಾಯಿಯ ರಸ ಕುಡಿಸಿದೆವು. ಅನ್ನ ಬಿಡಿಸಿ ಚಪಾತಿ ಹಾಕಿದೆವು. ಅದಕ್ಕೆ ಎಣ್ಣೆ ಸವರುವುದನ್ನು ಮಾತ್ರ ಬಿಡಲಿಲ್ಲ. ಯಜಮಾನರು ಏನೂ ಎದುರಾಡಲಿಲ್ಲ. ತಿಂಗಳು ಆರಾಯಿತು, ತೂಕ 94 ಇದ್ದದ್ದು 95 ಆಯಿತು.

ಇದೇನು ಸೋಜಿಗವೆಂದು ಯೋಚಿಸುತ್ತಿದ್ದಾಗ ಒಂದು ದಿನ ಅವರ ಸ್ಕೂಟರಿನ ಪೆಟ್ಟಿಗೆಯಲ್ಲಿ ವಿಮೆಯ ಕಾಗದ ಹುಡುಕಲು ಹೋದೆವು. ಅಲ್ಲಿ ಎಣ್ಣೆ ಇಳಿದ ಕಾಗದದ ಪೊಟ್ಟಣಗಳು ಮೂರು ನಾಲ್ಕು ಸಿಕ್ಕಿದವು. ಬೋಂಡ ಕಟ್ಟಿದ್ದ ಪೊಟ್ಟಣಗಳು. ಕಚೇರಿಯಿಂದ ಬರುವಾಗ ದಾರಿಯ ಮರದ ಕೆಳಗೆ ಗಾಡಿ ನಿಲ್ಲಿಸಿ, ಮನೆ ಮಠ ಇಲ್ಲದವರಂತೆ ಒಬ್ಬರೇ ನಿಂತು ತಿನ್ನುತ್ತಿದ್ದರೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ನಮಗೆ ಬಂದದ್ದು ಸಿಟ್ಟು. ಈಗ ನೆನೆಸಿಕೊಂಡರೆ ಕಣ್ಣು ತುಂಬುತ್ತದೆ. ಮೂವತ್ತು ವರ್ಷ ನಮ್ಮ ಕಣ್ಣೆದುರಿಗೆ ಉಂಡವರು, ಮನೆಗೆ ಬರುವ ಮೊದಲು ಮೀಸೆ ಒರೆಸಿಕೊಳ್ಳುವ ಹಾಗೆ ಮಾಡಿದವರು ನಾವೇ.

ಆದರೂ ನಮಗೆ ಬುದ್ಧಿ ಬರಲಿಲ್ಲ. ಬುದ್ಧಿ ಬಂದದ್ದು ನಮ್ಮ ತಮ್ಮನ ಮಗಳ ಮದುವೆಯಲ್ಲಿ. ಮಂಡ್ಯದ ಒಂದು ಛತ್ರ, ದೊಡ್ಡ ಪಂಕ್ತಿ, ಬೀಗರೂ ನೆಂಟರೂ ಸಾಲಾಗಿ ಕುಳಿತಿದ್ದಾರೆ. ನಾವು ಹೆಣ್ಣಿನ ಕಡೆಯವರಾದ್ದರಿಂದ ಉಪಚಾರ ಹೇಳುತ್ತ ಓಡಾಡುತ್ತಿದ್ದೆವು. ಬಡಿಸುವವನು ಒಬ್ಬಟ್ಟಿನ ತಟ್ಟೆ ಹಿಡಿದು ಯಜಮಾನರ ಮುಂದೆ ಬಂದ. ಒಂದು ಹಾಕಿದ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ನಾವು, "ಅವರಿಗೆ ಸಾಕು, ಮುಂದೆ ಹೋಗಪ್ಪ. ಆ ಹೊಟ್ಟೆ ನೋಡಿದರೆ ನಿನಗೆ ಗೊತ್ತಾಗುವುದಿಲ್ಲವೆ?" ಎಂದುಬಿಟ್ಟೆವು. ಪಂಕ್ತಿಯಲ್ಲಿ ನಗು ಎದ್ದಿತು. ಬೀಗರೂ ನಕ್ಕರು. ಯಜಮಾನರೂ ನಗಲು ನೋಡಿದರು, ಆಗಲಿಲ್ಲ. ಎಲೆಯ ಮೇಲಿದ್ದ ಒಬ್ಬಟ್ಟನ್ನು ಮುಟ್ಟಲಿಲ್ಲ. ಮಜ್ಜಿಗೆಯ ಅನ್ನಕ್ಕೂ ಕಾಯಲಿಲ್ಲ. ಪಂಕ್ತಿಗಿಂತ ಮೊದಲೇ ಎದ್ದು ಹೋಗಿ ಕೈ ತೊಳೆದುಕೊಂಡರು. ಎಲೆಯ ಮುಂದಿನಿಂದ ಅರ್ಧಕ್ಕೆ ಎದ್ದುಹೋಗುವುದೆಂದರೆ ಏನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಮೈಸೂರು ಸೇರುವ ವರೆಗೆ ಅವರು ಒಂದು ಮಾತೂ ಆಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕತ್ತಲಲ್ಲಿ ನಿಧಾನವಾಗಿ ಹೇಳಿದರು: "ನೀನು ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ನೋಡು, ಬೇಡ ಬೇಡವೆಂದರೂ ಮೂವತ್ತು ವರ್ಷ ಬಡಿಸಿದವಳು ನೀನೇ. ಬೇಡವೆಂದರೆ ನಿನ್ನ ಮುಖ ಬಾಡುತ್ತಿತ್ತು. ಅದನ್ನು ನೋಡಲಾರದೆ ತಿನ್ನುತ್ತಿದ್ದೆ. ಇವತ್ತು ಬೇಕೆಂದಾಗ ನಾಲ್ಕು ಜನರ ಮುಂದೆ ನಗೆಗೀಡು ಮಾಡಿದೆ. ನಾನು ಯಾವ ಕಡೆಗೆ ತಿರುಗಲಿ, ಹೇಳು?"

ನಾವು ಉತ್ತರ ಹೇಳಲಿಲ್ಲ, ಹೇಳಲು ಉತ್ತರವಿರಲಿಲ್ಲ. ಅವರು ಮಲಗಿದ ಮೇಲೆ, ಯಂತ್ರದ ಸದ್ದು ಕೇಳುತ್ತ, ನಮ್ಮ ಮೂವತ್ತು ವರ್ಷವನ್ನು ಹಿಂದೆ ತಿರುಗಿ ನೋಡಿದೆವು. ನಮ್ಮ ತಲೆಮಾರಿನ ಗಂಡಹೆಂಡಿರು ಪ್ರೀತಿಯನ್ನು ಬಾಯಲ್ಲಿ ಹೇಳಿದವರಲ್ಲ. ಜಗಳವಾದ ಮಾರನೆಯ ಬೆಳಿಗ್ಗೆ "ತಪ್ಪಾಯಿತು" ಎಂದು ನಾವು ಎಂದೂ ಹೇಳಿಲ್ಲ. ಬಿಸಿ ದೋಸೆಯ ಮೇಲೆ ಬೆಣ್ಣೆಯ ಉಂಡೆಯನ್ನಿಟ್ಟು ಮುಂದೆ ತಳ್ಳಿದ್ದೇವೆ. ಅವರಿಗೆ ಬಡ್ತಿ ತಪ್ಪಿಹೋದ ದಿನ ಸಮಾಧಾನದ ಮಾತು ಬರಲಿಲ್ಲ, ಮೈಸೂರುಪಾಕು ಮಾಡಿದೆವು. ಅವರ ತಾಯಿ ತೀರಿಕೊಂಡು ವರ್ಷಾಂತಿಕವೆಲ್ಲ ಮುಗಿದ ಮೇಲೆ ಅವರು ಮೌನವಾಗಿ ಕೂತಿದ್ದಾಗ, ಆ ತಾಯಿಯ ಕೈಯ ಹದದಲ್ಲೇ ಗೊಜ್ಜು ಮಾಡಿ ಬಡಿಸಿದೆವು. "ಇನ್ನೊಂದು ಹಾಕಲೆ?" ಎಂಬುದರಲ್ಲಿ ನಮ್ಮ ಎಲ್ಲ ಮಾತೂ ಅಡಗಿತ್ತು. ಅವರು "ಹಾಕು" ಎಂದರೆ ನಾವು ಬೇಕಾದವರು. "ಬೇಡ" ಎಂದರೆ ನಾವೇ ಬೇಡವಾದವರು. ಹೀಗಿರುವಾಗ ಅವರ ಹೊಟ್ಟೆ ಅವರೊಬ್ಬರದೆಂದು ನಾಲ್ಕು ಜನರ ಮುಂದೆ ಆಡಿ ತೋರಿಸುವ ಹಕ್ಕು ನಮಗೆಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ತೂಕದ ಯಂತ್ರವನ್ನು ಹೊರಕ್ಕೆಳೆದು ಮೊದಲಿಗೆ ನಾವೇ ಅದರ ಮೇಲೆ ನಿಂತೆವು. 66 ಕಿಲೋ. ಐದಡಿ ಒಂದಂಗುಲದ ನಮಗೆ ಅಂಕ 27ನ್ನು ಮೀರಿತ್ತು. ಅನ್ನ ಚೆಲ್ಲಬಾರದೆಂದು ಪಾತ್ರೆಯ ತಳದಲ್ಲಿ ಉಳಿದದ್ದನ್ನೆಲ್ಲ ಕೊನೆಗೆ ಕೂತು ಮುಗಿಸುವ ಗೃಹಿಣಿಯರಿಗೆ ಈ ಅಂಕ ಅಪರೂಪವೇನೂ ಅಲ್ಲವೆಂದು ಆಮೇಲೆ ತಿಳಿಯಿತು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು ಮೂವತ್ತು ಮಂದಿಯ ಅಂಕ 25 ಅಥವಾ ಅದಕ್ಕೆ ಮೇಲಿತ್ತು. ಯಜಮಾನರನ್ನು ಕರೆದು ಅಂಕವನ್ನು ತೋರಿಸಿ, "ನನ್ನದೂ ಇಷ್ಟಾಗಿದೆ. ನೀವು ಇಳಿಸಬೇಕೆಂದು ಇನ್ನು ಹೇಳುವುದಿಲ್ಲ. ಇಬ್ಬರೂ ಇಳಿಸೋಣ" ಎಂದೆವು. ಅವರು ಅಂಕವನ್ನೂ ನಮ್ಮನ್ನೂ ಬಹಳ ಹೊತ್ತು ನೋಡಿ, "ಸರಿ, ಬೀರುವಿನ ಬೀಗ ತೆಗೆ" ಎಂದರು. ಬೀಗ ತೆಗೆದೆವು. ಈ ಲೇಖನದ ಸಾರವೆಲ್ಲ ಇಷ್ಟೆ: "ನೀವು" ಎಂಬುದು ಹೋಗಿ "ನಾವು" ಎಂಬುದು ಬಂದ ದಿನದಿಂದ ತೂಕ ಇಳಿಯತೊಡಗಿತು.

ಇದು ನಮ್ಮೊಂದು ಮನೆಯ ಅನುಭವ ಮಾತ್ರವಲ್ಲ. 2018ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 130 ದಂಪತಿಗಳನ್ನು ಆರು ತಿಂಗಳು ಗಮನಿಸಿ ನೋಡಿದರು. ದಂಪತಿಗಳಲ್ಲಿ ಒಬ್ಬರು ಮಾತ್ರ ತೂಕ ಇಳಿಸುವ ಪ್ರಯತ್ನದಲ್ಲಿದ್ದರೂ, ಯಾವ ಉಪದೇಶವನ್ನೂ ಪಡೆಯದ ಇನ್ನೊಬ್ಬರಲ್ಲಿ ಮೂರರಲ್ಲೊಂದು ಪಾಲಿನವರು ತಮ್ಮ ತೂಕದ ನೂರಕ್ಕೆ ಮೂರು ಭಾಗವನ್ನೋ ಅದಕ್ಕೂ ಹೆಚ್ಚನ್ನೋ ಇಳಿಸಿದ್ದರು. ಒಂದು ಒಲೆಯ ಮೇಲೆ ಬೇಯುವುದು ಒಬ್ಬರಿಗಾಗಿ ಬದಲಾದರೆ ಇಬ್ಬರಿಗೂ ಬದಲಾಗುತ್ತದೆ. ನಮ್ಮ ಚರಕರೂ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲತೆಯ ಕಾರಣಗಳನ್ನು ಎಣಿಸುವಾಗ ಅತಿಯಾದ ಊಟ, ಜಿಡ್ಡು ಮತ್ತು ಸಿಹಿ, ವ್ಯಾಯಾಮವಿಲ್ಲದಿರುವಿಕೆ, ಹಗಲು ನಿದ್ರೆ ಇವುಗಳ ಜೊತೆಗೆ ಬೀಜಸ್ವಭಾವವನ್ನೂ ಸೇರಿಸಿದ್ದಾರೆ. ಎಂದರೆ ತಾಯಿತಂದೆಯರಿಂದ ಬಂದ ದೇಹಪ್ರಕೃತಿ. ಆದುದರಿಂದ ದಪ್ಪಗಿರುವವರೆಲ್ಲ ಹೊಟ್ಟೆಬಾಕರೆಂದು ಹಳಿಯುವುದು ಹಳೆಯ ಶಾಸ್ತ್ರಕ್ಕೂ ಒಪ್ಪದು, ಹೊಸ ಶಾಸ್ತ್ರಕ್ಕೂ ಒಪ್ಪದು. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬವರು ಸಕ್ಕರೆ, ಬ್ರೆಡ್ಡು, ಆಲೂಗಡ್ಡೆಗಳನ್ನು ಬಿಟ್ಟು ಮೈ ಇಳಿಸಿಕೊಂಡ ಕಥೆಯನ್ನು ತಾವೇ ಅಚ್ಚುಹಾಕಿಸಿ ಹಂಚಿದರು. ಮೆಟ್ಟಿಲಿಳಿಯುವಾಗ ಹಿಮ್ಮುಖವಾಗಿ ಇಳಿಯಬೇಕಾಗಿದ್ದ ಆ ಮನುಷ್ಯರು ತಮ್ಮ ದೇಹದ ಕಷ್ಟದೊಡನೆ ಸಭೆಗಳಲ್ಲಿ ಜನರ ಕುಚೋದ್ಯದಿಂದ ಪಟ್ಟ ನೋವನ್ನೂ ಬರೆದಿದ್ದಾರೆ. ಅದನ್ನು ತಿಳಿದಾಗ ನಮಗೆ ಮಂಡ್ಯದ ಛತ್ರ ನೆನಪಾಯಿತು.

ಇನ್ನು ನಾವು ಮಾಡಿದ್ದೇನೆಂಬುದನ್ನು ಹೇಳುತ್ತೇವೆ. ಮೊದಲು ಎಣ್ಣೆಯ ಲೆಕ್ಕ. ಎರಡು ಜನದ ಮನೆಗೆ ತಿಂಗಳಿಗೆ ಮೂರು ಲೀಟರ್ ಎಣ್ಣೆ ಬರುತ್ತಿತ್ತು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಅಕ್ಕಿ ಸಕ್ಕರೆಗಳಲ್ಲಿರುವ ಪಿಷ್ಟಕ್ಕೂ ಸಿಹಿಗೂ ಗ್ರಾಮಿಗೆ 4. ಹಾಗೆ ನೋಡಿದರೆ ಎಣ್ಣೆಯಿಂದಲೇ ತಲೆಗೆ ದಿನಕ್ಕೆ 400 ಕ್ಯಾಲೊರಿ ಸೇರುತ್ತಿತ್ತು. ತುಪ್ಪದ ಲೆಕ್ಕ ಬೇರೆ. ನಮ್ಮ ಕೈ ಅಳತೆಯನ್ನೇ ನಂಬಿದ್ದೆವು. ಆ ಕೈ ಉದಾರವಾದದ್ದೆಂದು ಈಗ ತಿಳಿಯಿತು. ಒಂದೂವರೆ ಲೀಟರನ್ನು ತಿಂಗಳ ಮೊದಲ ದಿನ ಬೇರೆ ಸೀಸೆಗೆ ಹಾಕಿಟ್ಟುಕೊಂಡು ಚಮಚದಿಂದ ಅಳೆದೇ ಒಗ್ಗರಣೆಗೆ ಹಾಕುವುದೆಂದು ಗೊತ್ತುಮಾಡಿಕೊಂಡೆವು. ಎರಡನೆಯದು ಕಾಫಿ. ಯಜಮಾನರಿಗೆ ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಒಟ್ಟು 40 ಗ್ರಾಂ. ದಿನಕ್ಕೆ ಸುಮಾರು 25 ಗ್ರಾಮಿನೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ಹೇಳಿದ್ದಾರೆ. ಲೋಟಗಳನ್ನು ಎರಡಕ್ಕೂ ಚಮಚವನ್ನು ಅರ್ಧಕ್ಕೂ ಇಳಿಸಲು ಎರಡು ತಿಂಗಳು ಹಿಡಿಯಿತು. ಒಮ್ಮೆಗೇ ನಿಲ್ಲಿಸಿದ್ದರೆ ಮರದ ಕೆಳಗಿನ ಗಾಡಿ ಮತ್ತೆ ಕರೆಯುತ್ತಿತ್ತು.

ಅನ್ನವನ್ನು ಬಿಡಲಿಲ್ಲ. ರಾಗಿ ತಿಂದರೆ ಮೈ ಇಳಿಯುತ್ತದೆಂಬುದು ಹಲವರ ನಂಬಿಕೆ. ತೂಕಕ್ಕೆ ತೂಕ ನೋಡಿದರೆ ರಾಗಿಗೂ ಅಕ್ಕಿಗೂ ಕ್ಯಾಲೊರಿಯಲ್ಲಿ ಹೆಚ್ಚಿನ ಅಂತರವಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ಹೊಟ್ಟೆ ಬೇಗ ತುಂಬಿದಂತಾಗುತ್ತದೆ ಎಂಬುದೇ ಅದರ ಗುಣ. ಎರಡು ಮುದ್ದೆಯ ಮೇಲೆ ಅನ್ನವನ್ನೂ ಉಂಡರೆ ರಾಗಿಯಿಂದ ಬರುವ ಉಪಕಾರವೇನೂ ಇಲ್ಲ. ಅದಕ್ಕಾಗಿ ಎಲೆಯ ಕ್ರಮವನ್ನು ಬದಲಿಸಿದೆವು. ಮೊದಲು ಹೆಸರುಬೇಳೆಯ ಕೋಸಂಬರಿ ಅಥವಾ ಸೊಪ್ಪಿನ ಪಲ್ಯ ಎಲೆಯ ಅರ್ಧಭಾಗ. ಆಮೇಲೆ ಬಸ್ಸಾರೋ ಹುರುಳಿಕಟ್ಟಿನ ಸಾರೋ, ಅದರೊಡನೆ ಒಂದೇ ಮುದ್ದೆ ಅಥವಾ ಒಂದೇ ಬಟ್ಟಲು ಅನ್ನ. ಕೊನೆಗೆ ನೀರು ಮಜ್ಜಿಗೆ. ಹೆಸರು, ಹುರುಳಿ, ನವಣೆಗಳನ್ನು ಸ್ಥೂಲರಿಗೆ ಹಿತವೆಂದು ಚರಕರೂ ಹೇಳಿದ್ದಾರೆ. ರಾತ್ರಿಯ ಊಟವನ್ನು ಒಂಬತ್ತೂವರೆಯಿಂದ ಏಳೂವರೆಗೆ ತಂದೆವು. ಇಬ್ಬರೂ ಒಟ್ಟಿಗೆ ಕೂತು ಒಂದೇ ಅಡಿಗೆ ಉಂಡೆವು. ಉಳಿದದ್ದನ್ನು ನಮ್ಮ ಹೊಟ್ಟೆಗೆ ಹಾಕಿಕೊಳ್ಳದೆ, ಉಳಿಯದಷ್ಟನ್ನೇ ಮಾಡುವ ವಿದ್ಯೆಯನ್ನು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕಲಿತೆವು.

ಮೂರನೆಯದು ನಡಿಗೆ. ನಮ್ಮ ಮನೆಗೆ ಕುಕ್ಕರಹಳ್ಳಿ ಕೆರೆ ಹತ್ತಿರ. ಮುಮ್ಮಡಿ ಕೃಷ್ಣರಾಜ ಒಡೆಯರವರು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಅವರು ಸಂಚರಿಸುತ್ತಿದ್ದ ದಂಡೆ. ಇಷ್ಟು ವರ್ಷ ಹತ್ತಿರದಲ್ಲಿದ್ದೂ ನೆಂಟರಿಗೆ ತೋರಿಸಲು ಮಾತ್ರ ಹೋಗುತ್ತಿದ್ದೆವು. ಮೊದಲ ದಿನ ಯಜಮಾನರು ಹತ್ತು ನಿಮಿಷಕ್ಕೆ ಕಲ್ಲುಬೆಂಚಿನ ಮೇಲೆ ಕುಳಿತುಬಿಟ್ಟರು. ನಾವು ಏನೂ ಹೇಳದೆ ಪಕ್ಕದಲ್ಲಿ ಕುಳಿತೆವು. ನೀರಿನಲ್ಲಿ ಹೆಜ್ಜಾರ್ಲೆಗಳು ತೇಲುತ್ತಿದ್ದವು. "ಅವುಗಳ ಗಂಟಲಚೀಲ ನನ್ನ ಹೊಟ್ಟೆಗಿಂತ ದೊಡ್ಡದು, ನೋಡು" ಎಂದು ಅವರೇ ನಕ್ಕರು. ಮದುವೆಯ ಪಂಕ್ತಿಯಿಂದ ಎದ್ದುಹೋದ ನಗು ಹಿಂದಿರುಗಿತೆಂದು ನಮಗೆ ಸಂತೋಷವಾಯಿತು. ಹತ್ತು ನಿಮಿಷ ಇಪ್ಪತ್ತಾಯಿತು. ನಾಲ್ಕು ತಿಂಗಳಿಗೆ ಪೂರ್ತಿ ಒಂದು ಸುತ್ತಾಯಿತು. ನಡಿಗೆಯೊಂದರಿಂದಲೇ ಮೈ ಕರಗುತ್ತದೆಂದು ಯಾರೂ ಭ್ರಮಿಸಬಾರದು. ಒಂದು ಗಂಟೆ ನಡೆದು ಕಳೆದದ್ದನ್ನು ಒಂದು ಮಸಾಲೆದೋಸೆ ಹತ್ತು ನಿಮಿಷದಲ್ಲಿ ತುಂಬಿಕೊಡುತ್ತದೆ. ಆದರೆ ನಡಿಗೆಯಿಂದ ಸಕ್ಕರೆ ಹಿಡಿತಕ್ಕೆ ಬರುತ್ತದೆ, ಮನಸ್ಸು ಹಗುರವಾಗುತ್ತದೆ, ಇಳಿದ ತೂಕ ಮತ್ತೆ ಏರದಂತೆ ನಿಲ್ಲುತ್ತದೆ. ನಮ್ಮಿಬ್ಬರಿಗೆ ಇನ್ನೊಂದು ಲಾಭವೂ ಆಯಿತು. ಎಲೆಯ ಮುಂದೆ "ಇನ್ನೊಂದು ಹಾಕಲೆ" ಎಂಬಲ್ಲಿಗೆ ನಿಂತಿದ್ದ ಮಾತು ಕೆರೆಯ ದಂಡೆಯ ಮೇಲೆ ಮುಂದುವರಿಯಿತು. ಬಡ್ತಿ ತಪ್ಪಿದ ಕಾಲದ ವ್ಯಥೆಯನ್ನು ಅವರು ನಮಗೆ ಬಾಯಿಬಿಟ್ಟು ಹೇಳಿದ್ದು ಅಲ್ಲಿಯೇ, ಹನ್ನೊಂದು ವರ್ಷದ ಮೇಲೆ.

ಎಡವಿದ್ದೂ ಉಂಟು. ಗೌರಿಗಣೇಶನಿಂದ ದೀಪಾವಳಿಯ ವರೆಗೆ ಹಬ್ಬಗಳ ಸಾಲು. ಇಳಿದಿದ್ದ ಐದು ಕಿಲೋದಲ್ಲಿ ಎರಡು ಹಿಂದಕ್ಕೆ ಬಂದವು. ಹಿಂದಿನ ನಾವಾಗಿದ್ದರೆ ಆ ಎರಡು ಕಿಲೋವನ್ನು ಹಿಡಿದು ಎರಡು ವಾರ ಜಗಳವಾಡುತ್ತಿದ್ದೆವು. ಈ ಸಲ ಬಾಯಿ ಮುಚ್ಚಿಕೊಂಡು ಬೆಳಿಗ್ಗೆ ಆರಕ್ಕೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೆವು. ಐದು ನಿಮಿಷಕ್ಕೆ ಅವರೂ ಹೊರಟರು. ಚಳಿಗಾಲದಲ್ಲಿ ಎರಡು ತಿಂಗಳು ತೂಕ ಅಲುಗಾಡದೆ ನಿಂತಾಗ ಅವರು ಬೇಸತ್ತರು. ಆಗ ತೂಕದ ಯಂತ್ರವನ್ನು ಮಂಚದ ಕೆಳಕ್ಕೆ ತಳ್ಳಿ ತಿಂಗಳಿಗೊಮ್ಮೆ ಮಾತ್ರ ತೆಗೆಯುವುದೆಂದು ಮಾಡಿಕೊಂಡೆವು.

ಒಂದು ವರ್ಷಕ್ಕೆ ಅವರ ತೂಕ 94ರಿಂದ 86ಕ್ಕೆ ಬಂತು; ನಮ್ಮದು 66ರಿಂದ 61ಕ್ಕೆ. ಸೊಂಟ 112 ಇದ್ದದ್ದು 104. "ಇಷ್ಟೆಯೇ?" ಎಂದು ಕೆಲವರು ಕೇಳಿಯಾರು. ಇಷ್ಟೇ ಸಾಕೆಂಬುದಕ್ಕೆ ಆಧಾರವುಂಟು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡದೊಂದು ಪರೀಕ್ಷೆಯಲ್ಲಿ, ನಮ್ಮ ಯಜಮಾನರಂತೆ ಸಿಹಿಮೂತ್ರ ರೋಗದ ಹೊಸಿಲಲ್ಲಿದ್ದವರಿಗೆ ತೂಕದ ನೂರಕ್ಕೆ ಏಳು ಪಾಲು ಇಳಿಸುವ ಮತ್ತು ವಾರಕ್ಕೆ 150 ನಿಮಿಷ ದೇಹಶ್ರಮ ಮಾಡುವ ಗುರಿ ಕೊಟ್ಟಿದ್ದರು. ಹಾಗೆ ಮಾಡಿದವರ ಗುಂಪಿನಲ್ಲಿ ರೋಗ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ಮಾತ್ರೆ ನುಂಗಿದವರಲ್ಲಿ ಕಡಿಮೆಯಾದದ್ದು 31. 2006ರಲ್ಲಿ ಚೆನ್ನೈಯಿಂದ ಪ್ರಕಟವಾದ ಪರೀಕ್ಷೆಯಲ್ಲೂ ಆಹಾರ ವಿಹಾರಗಳ ತಿದ್ದುಪಾಟಿನಿಂದ ನೂರಕ್ಕೆ 28ರಷ್ಟು ಕಡಿಮೆಯಾದದ್ದು ಕಂಡಿತು. ನಮ್ಮ ಯಜಮಾನರ 6.2 ಈಗ 5.8ಕ್ಕೆ ಇಳಿದಿದೆ. ವೈದ್ಯರು ರಕ್ತದೊತ್ತಡದ ಒಂದು ಮಾತ್ರೆಯನ್ನು ನಿಲ್ಲಿಸಿದ್ದಾರೆ. 2025ರಿಂದ ನಮ್ಮ ದೇಶದಲ್ಲಿಯೂ ಸಿಕ್ಕುತ್ತಿರುವ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಗಳಿಂದ ತೂಕ ಇನ್ನೂ ಹೆಚ್ಚಾಗಿ ಇಳಿಯುತ್ತದೆಂದು ಅವರೇ ತಿಳಿಸಿದರು. ಬೇಕಾದವರಿಗೆ ಅದು ನಾಚಿಕೆಪಡಬೇಕಾದ ದಾರಿಯಲ್ಲ. ಬೇಕೋ ಬೇಡವೋ ಎಂಬುದನ್ನು ಹೇಳತಕ್ಕವರು ವೈದ್ಯರು, ನೆರೆಮನೆಯವರಲ್ಲ. ಆದರೆ ಆ ಔಷಧ ತೆಗೆದುಕೊಂಡವರಿಗೂ ಮನೆಯ ಊಟದ ಕ್ರಮವನ್ನು ತಿದ್ದಿಕೊಳ್ಳುವುದು ತಪ್ಪಿದ್ದಲ್ಲ.

ಕಳೆದ ಯುಗಾದಿಗೆ ನಮ್ಮ ಮನೆಯಲ್ಲಿ ಒಬ್ಬಟ್ಟು ಮಾಡಿದೆವು. ಹಬ್ಬಕ್ಕೆ ಒಬ್ಬಟ್ಟಿಲ್ಲದ ಮನೆ ಮಾಡುವುದು ನಮ್ಮ ಉದ್ದೇಶವಾಗಿರಲಿಲ್ಲ. ಎಣಿಸಿ ಆರೇ ಮಾಡಿದೆವು. ಯಜಮಾನರ ಎಲೆಗೆ ಒಂದನ್ನು ಹಾಕಿ ಅಳತೆಯ ಚಮಚದಿಂದ ತುಪ್ಪ ಬಿಟ್ಟೆವು. ಅವರು ತಿಂದು ಮುಗಿಸಿದರು. ಮೂವತ್ತು ವರ್ಷದ ಅಭ್ಯಾಸ. ನಮ್ಮ ಕೈ ತಾನಾಗಿಯೇ ತಟ್ಟೆಯ ಕಡೆಗೆ ಹೋಯಿತು, "ಇನ್ನೊಂದು" ಎಂಬ ಮಾತು ನಾಲಗೆಯ ತುದಿಗೆ ಬಂತು. ಅವರು ನಮ್ಮ ಮುಖ ನೋಡಿ, "ಬೇಡ ಕಣೇ. ಬಹಳ ಚೆನ್ನಾಗಿತ್ತು. ಈಗ ನೀನು ಕೂತುಕೋ, ನಾನು ಬಡಿಸುತ್ತೇನೆ" ಎಂದರು. ಅವರು "ಬೇಡ" ಎಂದಾಗ ನಮ್ಮ ಮುಖ ಬಾಡದೆ ಇದ್ದದ್ದು ಬಹುಶಃ ಅದೇ ಮೊದಲ ಸಲ.

ತಮ್ಮವರ ಮೈ ಇಳಿಯಬೇಕೆಂದು ಬಯಸುವ ಗಂಡಂದಿರಿಗೂ ಹೆಂಡಂದಿರಿಗೂ ನಮ್ಮ ವಿಜ್ಞಾಪನೆ ಇಷ್ಟು. ಚೆಲುವಿಕೆಗಾಗಿ ಕೇಳಬೇಡಿ, ಆಯುಸ್ಸಿಗಾಗಿ ಕೇಳಿ. ಭಯವಿದ್ದರೆ ಭಯವೆಂದೇ ಹೇಳಿ. ಅದಕ್ಕೆ ಹಾಸ್ಯದ ಬಣ್ಣವನ್ನೋ ಕೋಪದ ಬಣ್ಣವನ್ನೋ ಬಳಿಯಬೇಡಿ. ರಾತ್ರಿ ಉಸಿರು ನಿಂತುನಿಂತು ಬರುತ್ತಿದ್ದರೆ ನಮ್ಮಂತೆ ಎರಡು ವರ್ಷ ಎಣಿಸುತ್ತ ಕೂರದೆ ಆ ವಾರವೇ ವೈದ್ಯರಿಗೆ ತೋರಿಸಿ. ಹೇಳಬೇಕಾದದ್ದನ್ನು ಒಬ್ಬರೇ ಇರುವಾಗ ಒಮ್ಮೆ ಹೇಳಿ, ಆಮೇಲೆ ಜೊತೆಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಡಿ.

ಯಂತ್ರವನ್ನು ಇನ್ನೂ ಬಿಟ್ಟಿಲ್ಲ. ಬಿಡುವ ದಿನ ಬರುವುದೋ ಇಲ್ಲವೋ ಹೇಳಲಾರೆವು. ಈಗಲೂ ನಡುರಾತ್ರಿ ಎಚ್ಚರವಾದಾಗ ಅಭ್ಯಾಸಬಲದಿಂದ ಎಣಿಸಲು ಆರಂಭಿಸುತ್ತೇವೆ. ಮೂರೋ ನಾಲ್ಕೋ ಆಗುವಷ್ಟರಲ್ಲಿ ಅವರ ಉಸಿರು ಬರುತ್ತದೆ. ಎಣಿಕೆಯನ್ನು ಅಲ್ಲಿಗೇ ಬಿಟ್ಟು ಮಗ್ಗುಲಾಗುತ್ತೇವೆ.